ದಿನಕ್ಕೊಂದು ಸಲಹೆ: ಯಾವುದನ್ನು ನಂಬಬೇಕು?

ಕೋವಿಡ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಇಂದು ಬಹಳಷ್ಟು ಜನ ಮುಖ ತಿರುಗಿಸುತ್ತಾರೆ. 2023ರ ಡಿಸೆಂಬರ್‌ನಲ್ಲಿ ಜೆಎನ್.1 ಎಂಬ ಉಪತಳಿ ಕಾಣಿಸಿಕೊಂಡಾಗ, 60 ವರ್ಷ ದಾಟಿದವರು ಹಾಗೂ ಬೇರೆ ಕಾಯಿಲೆಗಳಿರುವವರು ಮಾಸ್ಕ್ ಧರಿಸಬೇಕೆಂದು ಕರ್ನಾಟಕ ಸರ್ಕಾರ ಸಲಹೆ ನೀಡಿತು. ‘ಮತ್ತೆ ಶುರುವಾಯಿತೇ?’ ಎಂದು ನಿಮ್ಮಲ್ಲಿಯೂ ಹಲವರು ಗೊಣಗಿರಬಹುದು. ಈ ಬೇಸರಕ್ಕೆ ‘ಸಾಂಕ್ರಾಮಿಕದ ದಣಿವು’ ಎಂಬ ಹೆಸರೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2020ರಲ್ಲೇ ಇದರ ಬಗ್ಗೆ ಎಚ್ಚರಿಸಿ, ದೀರ್ಘಕಾಲದ ಸಂಕಷ್ಟದಲ್ಲಿ ಇದು ಸಹಜವೆಂದಿತ್ತು. ಆದ್ದರಿಂದ ದಣಿದವರನ್ನು ಬೇಜವಾಬ್ದಾರರೆಂದು ಬೈಯುವುದು ನ್ಯಾಯವಲ್ಲ.

ನಿಯಮಗಳ ಬಿಗಿಗಿಂತಲೂ ಅವು ಮೇಲಿಂದ ಮೇಲೆ ಬದಲಾದದ್ದೇ ಜನರನ್ನು ಹೆಚ್ಚು ಕಂಗೆಡಿಸಿತು ಎನ್ನಬೇಕು. ಆದರೆ ಈ ಬದಲಾವಣೆಗಳಲ್ಲಿ ಎರಡು ಬಗೆಯಿದ್ದವು. ಅವನ್ನು ಬೇರ್ಪಡಿಸಿ ನೋಡದಿದ್ದರೆ ಜೊಳ್ಳಿನ ಜೊತೆ ಕಾಳನ್ನೂ ತೂರಿಬಿಡುತ್ತೇವೆ.

ಮಾಸ್ಕಿನ ವಿಷಯವನ್ನೇ ನೋಡಿ. 2020ರ ಆರಂಭದಲ್ಲಿ ಆರೋಗ್ಯವಂತರಿಗೆ ಮಾಸ್ಕ್ ಬೇಡವೆಂದು ಹೇಳಲಾಯಿತು. ಕೆಮ್ಮು, ಜ್ವರ ಇದ್ದವರಿಂದ ಮಾತ್ರ ರೋಗ ಹರಡುತ್ತದೆಂಬ ಎಣಿಕೆ ಆಗಿತ್ತು; ಜೊತೆಗೆ ಆಸ್ಪತ್ರೆ ಸಿಬ್ಬಂದಿಗೇ ಮಾಸ್ಕಿನ ಕೊರತೆ. ಯಾವ ಲಕ್ಷಣವೂ ಇಲ್ಲದವರಿಂದಲೂ ಸೋಂಕು ಹರಡಬಲ್ಲದೆಂದು ಗೊತ್ತಾದ ಮೇಲೆ ಸಲಹೆ ಬದಲಾಯಿತು. ಏಪ್ರಿಲ್‌ನಲ್ಲಿ ಭಾರತ ಸರ್ಕಾರ ಮನೆಯಲ್ಲೇ ಹೊಲಿದ ಬಟ್ಟೆಯ ಮಾಸ್ಕ್ ಧರಿಸಿ ಎಂದಿತು. ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಜನಸಂದಣಿಯಲ್ಲಿ ಮಾಸ್ಕ್ ಬೇಕೆಂದಿತು.

ಕೋವಿಶೀಲ್ಡ್ ಲಸಿಕೆಯ ಕಥೆ ಇನ್ನೂ ಸ್ವಾರಸ್ಯದ್ದು. 2021ರ ಜನವರಿಯಲ್ಲಿ ಎರಡು ಡೋಸುಗಳ ನಡುವೆ 4ರಿಂದ 6 ವಾರ ಅಂತರವಿತ್ತು. ಮಾರ್ಚ್‌ನಲ್ಲಿ ಅದು 6ರಿಂದ 8 ವಾರವಾಯಿತು, ಮೇ 13ರಂದು 12ರಿಂದ 16 ವಾರವಾಯಿತು. ಆಗ ಲಸಿಕೆಗೆ ತೀವ್ರ ಅಭಾವ. ಬೆಳಗಿನ ಜಾವವೇ ಸರದಿಯಲ್ಲಿ ನಿಂತು ಬರಿಗೈಯಲ್ಲಿ ಮರಳಿದವರು ಎಷ್ಟೋ ಜನ. ‘ಲಸಿಕೆ ಇಲ್ಲ, ಅದಕ್ಕೇ ಅಂತರ ಹೆಚ್ಚಿಸಿದ್ದಾರೆ’ ಎಂದು ಜನ ಆಡಿಕೊಂಡರು. ಆದರೆ ಅಂತರ ಹೆಚ್ಚಿದಷ್ಟೂ ಈ ಲಸಿಕೆ ಹೆಚ್ಚು ಫಲ ಕೊಡುತ್ತದೆಂಬುದು ವಿದೇಶದ ಪ್ರಯೋಗಗಳಲ್ಲಿ ಆಗಲೇ ಕಂಡುಬಂದಿತ್ತು. ಕೊರತೆಯೂ ನಿಜ, ಕಾರಣವೂ ನಿಜ. ಆ ಕಾರಣವನ್ನು ಸರದಿಯಲ್ಲಿ ನಿಂತವರಿಗೆ ತಿಳಿಯುವ ಮಾತಿನಲ್ಲಿ ಹೇಳಿದ್ದರೆ ಅರ್ಧ ಅನುಮಾನ ಕರಗುತ್ತಿತ್ತು.

ಎರಡನೆಯ ಬಗೆ ಬೇರೆ. 2020ರ ಅಕ್ಟೋಬರ್‌ನಲ್ಲಿ ನಮ್ಮ ನಗರಗಳಲ್ಲಿ ಮಾಸ್ಕ್ ಇಲ್ಲದವರಿಗೆ 1,000 ರೂಪಾಯಿ ದಂಡ ಎಂದು ಪ್ರಕಟಿಸಿ, ಕೆಲವೇ ದಿನಗಳಲ್ಲಿ 250ಕ್ಕೆ ಇಳಿಸಲಾಯಿತು. ಅದೇ ಡಿಸೆಂಬರ್‌ನಲ್ಲಿ ರಾತ್ರಿ ಕರ್ಫ್ಯೂ ಘೋಷಿಸಿ, ದಿನಾಂಕ ಮುಂದೂಡಿ, ಜಾರಿಯಾಗಬೇಕಿದ್ದ ದಿನವೇ ಹಿಂದಕ್ಕೆ ಪಡೆಯಲಾಯಿತು. ಆ ದಿನಗಳಲ್ಲಿ ವೈರಾಣುವೇನೂ ಬದಲಾಗಿರಲಿಲ್ಲ. ಇಂತಹ ತೂಗುಯ್ಯಾಲೆಗೆ ನೀವು ಬೇಸತ್ತಿದ್ದರೆ ತಪ್ಪು ನಿಮ್ಮದಲ್ಲ.

ತಿಳಿವಳಿಕೆ ಬೆಳೆದಂತೆ ಚಿಕಿತ್ಸೆ ಬದಲಾಗುವುದು ಹೊಸದೇನಲ್ಲ. ನಾಯಿ ಕಚ್ಚಿದರೆ ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಎಂಬ ಭಯ ಹಿರಿಯರಿಗೆ ನೆನಪಿದೆ. ಅದು ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಲಸಿಕೆ. ಅದರಿಂದ ಕೆಲವೊಮ್ಮೆ ನರಗಳಿಗೇ ಅಪಾಯವಿತ್ತು. ಭಾರತ 2004ರಲ್ಲಿ ಅದನ್ನು ಕೈಬಿಟ್ಟಿತು. ಈಗ ತೋಳಿಗೆ ನಾಲ್ಕೈದು ಬಾರಿ ಹಾಕಿಸಿಕೊಂಡರೆ ಮುಗಿಯಿತು. ‘ವೈದ್ಯರು ಮಾತು ಬದಲಿಸಿದರು’ ಎಂದು ಯಾರೂ ದೂರಲಿಲ್ಲ! ಅಲ್ಲಿ ದಶಕಗಳು ಹಿಡಿದದ್ದು ಕೋವಿಡ್‌ನಲ್ಲಿ ವಾರಗಳಲ್ಲಿ ನಡೆಯಿತು, ಅದೂ ಎಲ್ಲರ ಕಣ್ಣೆದುರಿಗೆ.

ದಣಿವಿನ ನಿಜವಾದ ಅಪಾಯವಿರುವುದು ಮುಂದೆ. ಮೂರನೆಯ ಡೋಸನ್ನು 2022ರ ಜುಲೈ 15ರಿಂದ 75 ದಿನ ಸರ್ಕಾರಿ ಕೇಂದ್ರಗಳಲ್ಲಿ ಎಲ್ಲ ವಯಸ್ಕರಿಗೂ ಉಚಿತವಾಗಿ ಕೊಟ್ಟರೂ ಬಹಳ ಜನ ಅತ್ತ ಸುಳಿಯಲಿಲ್ಲ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು, ರೋಗ ಮುಗಿಯಿತೆಂದು ಹೇಳಲಿಲ್ಲ. ಮನೆಯಲ್ಲಿರುವ ಮಧುಮೇಹದ ಅಜ್ಜನಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಹಾಗಾದರೆ ಏನು ಮಾಡಬೇಕು? ಹೊಸ ಸೂಚನೆ ಬಂದಾಗ, ಅದು ಯಾರಿಗಾಗಿ, ಯಾವ ಕಾರಣಕ್ಕಾಗಿ ಎಂದು ನೋಡಿ. ಕಾರಣವನ್ನೇ ಹೇಳದಿದ್ದರೆ ನಿಮ್ಮ ವೈದ್ಯರನ್ನು ಅಥವಾ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು. ಹಾಲಿನ ಪ್ಯಾಕೆಟ್ಟು, ನೋಟುಗಳನ್ನು ತೊಳೆಯುವ ಗೋಜು ಕೋವಿಡ್‌ಗಾಗಿ ಬೇಕಿಲ್ಲ; ವಸ್ತುಗಳಿಂದ ಈ ಸೋಂಕು ತಗಲುವುದು ತೀರ ಅಪರೂಪ. ಊಟಕ್ಕೆ ಮುಂಚೆ, ಶೌಚದ ನಂತರ ಸೋಪಿನಿಂದ ಕೈ ತೊಳೆಯುವುದನ್ನು ಮಾತ್ರ ಬಿಡಬೇಡಿ, ಅದು ವಾಂತಿಭೇದಿಯನ್ನೂ ತಡೆಯುತ್ತದೆ.

ನಿಮಗೆ ಜ್ವರ, ಕೆಮ್ಮು ಇದ್ದರೆ ಮದುವೆ ಮನೆಯ ಊಟ ತಪ್ಪಿದರೂ ಚಿಂತೆಯಿಲ್ಲ, ಮನೆಯಲ್ಲೇ ಇರಿ. ಕಿಟಕಿ ತೆರೆದಿಡಿ. ವಯಸ್ಸಾದವರ ಬಳಿ ಹೋಗಲೇಬೇಕಾದರೆ ಮಾಸ್ಕ್ ಹಾಕಿಕೊಳ್ಳಿ. ಅವರಿಗೇ ಜ್ವರ ಬಂದು ಉಸಿರಾಟ ಕಷ್ಟವಾದರೆ, ಅಥವಾ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 94ಕ್ಕಿಂತ ಕಡಿಮೆ ತೋರಿಸಿದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.