ದೋಣಿ ಎಲ್ಲಿ ನೆಲ ಹತ್ತಿತು?

ಪ್ರಶ್ನೆ: ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರ ಹಬ್ಬಕ್ಕೆ ಆಡಿಸಲೆಂದು ಸಾಮಾಜಿಕ ನಾಟಕ ಬರೆದಿದ್ದಾನೆ. ‘ಅಕ್ಕೋರೆ, ಇದ್ದದ್ದು ಇದ್ದ ಹಾಗೆ ಹೇಳಿ’ ಎಂದು ಪಟ್ಟಿ ಕೊಟ್ಟು ಹೋದ. ಅರ್ಧ ಓದುವಷ್ಟರಲ್ಲಿ ಆಕಳಿಕೆ ಬಂತು. ಚೆನ್ನಾಗಿದೆ ಎಂದರೆ ಸುಳ್ಳು. ಚೆನ್ನಾಗಿಲ್ಲ ಎಂದರೆ ಬರೆಯುವುದನ್ನೇ ಬಿಟ್ಟಾನು. ಏನು ಮಾಡಲಿ?
— ನಿವೃತ್ತ ಶಿಕ್ಷಕಿ, ಮಂಜಗುಣಿ

ಉತ್ತರ: ಆಕಳಿಕೆ ಎಷ್ಟನೇ ಪುಟದಲ್ಲಿ ಬಂತು? ಮೊದಲು ಅದನ್ನು ಗುರುತು ಮಾಡಿಟ್ಟುಕೊಳ್ಳಿ. ಸದ್ಯಕ್ಕೆ ನಿಮ್ಮ ಹತ್ತಿರ ಇರುವ ಅತ್ಯಂತ ಪ್ರಾಮಾಣಿಕ ಅಭಿಪ್ರಾಯ ಅದೇ.

ನೀವು ಇರುವುದು ಗಂಗಾವಳಿಯ ಅಳಿವೆಯಲ್ಲಿ. ಅಲ್ಲಿ ಮರಳು ಒಂದೇ ಕಡೆ ನಿಲ್ಲುವುದಿಲ್ಲವೆಂದು ನಿಮಗೆ ನಾನು ಹೇಳಬೇಕಿಲ್ಲ. ಹೋದ ವರ್ಷ ಆಳವಿದ್ದಲ್ಲಿ ಈ ವರ್ಷ ದಿಬ್ಬ. ಹೊರಡುವ ದೋಣಿಯವನಿಗೆ ಒಳಗೆ ಬಂದವನಿಂದ ಬೇಕಾದದ್ದು ಎಲ್ಲಿ ನೆಲ ಹತ್ತಿತು ಎಂಬ ಸುದ್ದಿ. ‘ನಿನ್ನ ದೋಣಿಯೇ ಸರಿಯಿಲ್ಲ’ ಎಂಬ ತೀರ್ಪನ್ನು ಕಟ್ಟಿಕೊಂಡು ಅವನೇನು ಮಾಡಿಯಾನು? ನಿಮ್ಮ ಹುಡುಗನದೂ ಅದೇ ಪಾಡು. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎರಡೂ ತೀರ್ಪುಗಳೇ. ಉದಾಹರಣೆಗೆ, ‘ಅಪ್ಪನ ಮಾತು ಮೂರು ಪುಟ ಹೋಯಿತು, ಎರಡನೇ ಪುಟದಲ್ಲಿ ನನಗೆ ಮಗಳ ಕಥೆ ಮರೆತೇಹೋಯಿತು’ ಎಂದರೆ ಅದು ಸುದ್ದಿ. ಅದರ ಮೇಲೆ ಜಗಳವಾಡಲಾಗುವುದಿಲ್ಲ, ಏಕೆಂದರೆ ಮರೆತದ್ದು ನೀವು.

ಇಷ್ಟವಾದ ಜಾಗವನ್ನೂ ಹಾಗೆಯೇ ಪುಟ ಹಿಡಿದು ಹೇಳಿ. ಮಾತ್ರೆಗೆ ಬೆಲ್ಲ ಸವರಲಿಕ್ಕಲ್ಲ. ಯಾವುದು ನಿಂತಿದೆ ಎಂದು ಗೊತ್ತಾಗದಿದ್ದರೆ, ತಿದ್ದುವ ಹುರುಪಿನಲ್ಲಿ ಅವನು ಅದನ್ನೇ ಮೊದಲು ಕಿತ್ತುಹಾಕುತ್ತಾನೆ.

ಕೆಂಪು ಪೆನ್ನನ್ನು ಮಾತ್ರ ದೂರ ಇಡಿ. ಹೊಳೆಯಾಚೆ ಬಂಕಿಕೊಡ್ಲದ ಹೈಸ್ಕೂಲಿನಲ್ಲಿ ಪಾಠ ಹೇಳಿದ ಗೋಕರ್ಣದ ಗೌರೀಶ ಕಾಯ್ಕಿಣಿ (1912–2002) ಕನ್ನಡದ ದೊಡ್ಡ ವಿಮರ್ಶಕರೂ ಆಗಿದ್ದರು. ಹಾಗಾಗಿ ಮಾಸ್ತರಿಕೆಗೂ ವಿಮರ್ಶೆಗೂ ವೈರವಿದೆ ಎಂದು ನಾನು ಹೇಳಲಾರೆ. ಆದರೆ ಕಾಗುಣಿತ ತಿದ್ದುತ್ತ ಕುಳಿತವರಿಗೆ ನಾಟಕ ಕಾಣುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ, ಪಾತ್ರಗಳ ಮಾತನ್ನೂ ಶುದ್ಧ ಮಾಡಿಬಿಡುವುದು. ನನಗೊಂದು ಗುಮಾನಿ ಇದೆ: ಬಲೆ ಎಳೆಯುವವನೂ ಮೀನು ಮಾರುವವಳೂ ನಿಮ್ಮ ಹುಡುಗನ ನಾಟಕದಲ್ಲಿ ಪಠ್ಯಪುಸ್ತಕದ ಕನ್ನಡ ಆಡುತ್ತಿದ್ದಾರೆಯೆ? ಆಕಳಿಕೆ ಅಲ್ಲಿಂದಲೇ ಬಂದಿದ್ದರೂ ಬಂದೀತು. ಹಾಗಿದ್ದರೆ, ‘ಇವಳು ಮನೆಯಲ್ಲಿ ಹೀಗೇ ಮಾತಾಡುತ್ತಾಳೇನೋ?’ ಎಂದೊಂದು ಪ್ರಶ್ನೆ ಕೇಳಿ ಸುಮ್ಮನಾಗಿ.

ಕುವೆಂಪು ಅವರಿಗೆ ಸಿಕ್ಕ ಪ್ರತಿಕ್ರಿಯೆಯೂ ಇದೇ ಜಾತಿಯದು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್‌ಗೆ ಅವರು ತಮ್ಮ ಇಂಗ್ಲಿಷ್ ಕವನಗಳನ್ನು ತೋರಿಸಿದರು. ತಾಯ್ನುಡಿಯಲ್ಲಿ ಏಕೆ ಬರೆಯಬಾರದು ಎಂದು ಕೇಳಿದರು ಕಸಿನ್ಸ್. ಮೆಚ್ಚುಗೆ ಬಯಸಿ ಹೋದ ತರುಣನಿಗೆ ಅದು ರುಚಿಸಲಿಲ್ಲ. ಮುಂದಾದದ್ದು ಎಲ್ಲರಿಗೂ ಗೊತ್ತು. ಈ ಪ್ರಸಂಗವನ್ನು ಕನ್ನಡದ ಹಿರಿಮೆಗೆ ಸಾಕ್ಷಿಯಾಗಿ ಹೇಳುವವರೇ ಹೆಚ್ಚು. ನನಗೆ ಅದರಲ್ಲಿ ಇಷ್ಟವಾಗುವುದು ಕಸಿನ್ಸ್ ತಮ್ಮ ಮಿತಿಯೊಳಗೆ ನಿಂತ ರೀತಿ. ಕನ್ನಡ ಬಾರದ ಅವರು ದಾರಿಯತ್ತ ಬೆರಳು ತೋರಿಸಿದರು, ಕವನವನ್ನು ತರುಣನಿಗೇ ಬಿಟ್ಟರು.

ನಾವು ಜಾರುವುದು ಅಲ್ಲೇ. ಓದುತ್ತ ಓದುತ್ತ ನಮ್ಮ ತಲೆಯಲ್ಲೊಂದು ನಾಟಕ ಹುಟ್ಟಿಕೊಳ್ಳುತ್ತದೆ. ‘ಕೊನೆಗೆ ಮಗಳು ಮನೆಗೆ ವಾಪಸು ಬಂದರೆ ಹೇಗೆ?’ ಎನ್ನುತ್ತೇವೆ. ಹಿರಿಯರು ಹೇಳಿದರಲ್ಲ ಎಂದು ಅವನು ಹಾಗೇ ಮಾಡುತ್ತಾನೆ, ನಾಟಕ ಯಾರದೂ ಆಗದೆ ಹೋಗುತ್ತದೆ. ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡರಿಗೆ ‘ತುಘಲಕ್’ (1964) ಬರೆಯುವ ಕಿಡಿ ಸಿಕ್ಕಿದ್ದು ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರ ಒಂದು ಮಾತಿನಿಂದ: ಒಳ್ಳೆಯ ಐತಿಹಾಸಿಕ ನಾಟಕಗಳು ನಮ್ಮಲ್ಲಿಲ್ಲ ಎಂಬ ಕೊರತೆಯ ಮಾತು. ಕೊರತೆ ತೋರಿಸಿದ್ದು ವಿಮರ್ಶಕ. ಸುಲ್ತಾನನನ್ನು ಹುಡುಕಿಕೊಂಡದ್ದು ನಾಟಕಕಾರ.

ಒಂದು ಕೆಲಸ ಮಾಡಿ. ಹುಡುಗನನ್ನು ಕರೆದು, ಹೇಳುವ ಮುಂಚೆ ಕೇಳಿ: ಯಾವ ದೃಶ್ಯದ ಬಗ್ಗೆ ನಿನಗೇ ಅನುಮಾನ? ಎಷ್ಟೋ ಸಲ ಅವರು ತೋರಿಸುವುದು ನಾವು ಗುರುತು ಹಾಕಿಟ್ಟ ಪುಟವನ್ನೇ. ನಮ್ಮ ಅರ್ಧ ಭಾರ ಅಲ್ಲೇ ಇಳಿಯುತ್ತದೆ. ತೋರಿಸದಿದ್ದರೆ ಆ ದೃಶ್ಯವನ್ನು ಅವನಿಂದಲೇ ಗಟ್ಟಿಯಾಗಿ ಓದಿಸಿ. ಮೂರು ಪುಟದ ಮಾತು ಬರೆದವನಿಗೆ ಎರಡನೇ ಪುಟದಲ್ಲಿ ಉಸಿರು ಸಿಗದೆ ಹೋದರೆ ನೀವು ಬಾಯಿಬಿಡುವ ಅಗತ್ಯವೇ ಬೀಳುವುದಿಲ್ಲ. ಎರಡು ಮುಖ್ಯ ಸಂಗತಿ ಹೇಳಿ, ಹನ್ನೆರಡಲ್ಲ. ಉಳಿದದ್ದನ್ನು ತಾಲೀಮು ತೋರಿಸಿಕೊಡುತ್ತದೆ.

ಇದೆಲ್ಲ ತಾಲೀಮು ಶುರುವಾಗುವ ಮುಂಚೆ ಆಗಬೇಕು. ಪಾತ್ರ ಹಂಚಿ, ಮಾತು ಬಾಯಿಪಾಠವಾದ ಮೇಲೆ ಹೇಳಿದರೆ ಅವನು ಅಳುತ್ತಾನೆ, ಅಪ್ಪನ ಪಾತ್ರದವನು ನಿಮ್ಮ ಮನೆಗೆ ಜಗಳಕ್ಕೆ ಬರುತ್ತಾನೆ. ಈ ಭಾನುವಾರವೇ ಕರೆಯಿರಿ. ಪಟ್ಟಿಯ ಉಳಿದರ್ಧವನ್ನು ಅಷ್ಟರೊಳಗೆ ಓದಿ ಮುಗಿಸಿ. ಅರ್ಧವೇ ಓದಿದ್ದರೆ, ಅರ್ಧ ಓದಿದೆ ಎಂದೇ ಹೇಳಿ.