ಸರಕು ವ್ಯಾನಿನ ಟೈರು: ಬೆಲೆಯೋ, ಬಾಳಿಕೆಯೋ?

ಇಟ್ಟಮಡುವಿನ ವರ್ತಕರೊಬ್ಬರು ಸರಕು ವ್ಯಾನಿಗೆ ಎಲ್ಲ ಋತುಗಳಿಗೂ ಒದಗುವ ಟೈರುಗಳನ್ನು ಕೊಳ್ಳಬೇಕಿದೆಯೆಂದು ಭಾವಿಸೋಣ. ₹4,200 ಬೆಲೆಯ ಟೈರು 30,000 ಕಿ.ಮೀ. ಬಾಳಿದರೆ ಕಿ.ಮೀ.ಗೆ ತಗಲುವ ವೆಚ್ಚ 14 ಪೈಸೆ. ₹5,400ರ ಟೈರು 45,000 ಕಿ.ಮೀ. ಬಾಳಿದರೆ 12 ಪೈಸೆ. ದುಬಾರಿಯೆಂದು ಕಂಡದ್ದೇ ಇಲ್ಲಿ ಅಗ್ಗ.

ಬೆಂಗಳೂರಿನಲ್ಲಿ ಹಿಮದ ಚಿಂತೆಯಿಲ್ಲ. ಮಳೆಯಲ್ಲಿ ರಸ್ತೆಯ ಹಿಡಿತವೇ ಮುಖ್ಯ. ಟೈರಿನ ಭಾರ ಹೊರುವ ಸಾಮರ್ಥ್ಯವು ವಾಹನ ತಯಾರಕರು ಸೂಚಿಸಿದ್ದಕ್ಕಿಂತ ಕಡಿಮೆಯಿರಕೂಡದು. ಮೇಲ್ಮೈಯ ಗೀರುಗಳ ಆಳ 1.6 ಮಿ.ಮೀ.ಗೆ ಇಳಿಯುವ ಮುನ್ನವೇ ಟೈರನ್ನು ಬದಲಿಸತಕ್ಕದ್ದು. ಉಳಿತಾಯಕ್ಕಿಂತ ಚಾಲಕನ ಪ್ರಾಣ ದೊಡ್ಡದು.

2025ರ ಸೆಪ್ಟೆಂಬರ್ 22ರಿಂದ ಹೊಸ ಟೈರುಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿಯಿತು. ಸರಕು ವಾಹನವಾದುದರಿಂದ, ರಾಜಿ ತೆರಿಗೆ ಪದ್ಧತಿಯಲ್ಲಿರದ ನೋಂದಾಯಿತ ವರ್ತಕರು ಇನ್‌ಪುಟ್ ತೆರಿಗೆ ಜಮೆಯನ್ನು ಪಡೆಯಬಹುದು. ಆದಕಾರಣ ತೆರಿಗೆ ಬಿಲ್ಲಿಲ್ಲದ ಖರೀದಿಯ ರಿಯಾಯಿತಿ ಲಾಭವಲ್ಲ, ನಷ್ಟ.