ನಿಂತ ಗಾಡಿಗೆ ಮೂಷಕಬಾಧೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಬೆಳೆದ ಸಿಂಧನೂರು ಸೀಮೆಯ ಭತ್ತವು ಕಟಾವಾಗಿ ಗದ್ದೆಗಳು ಬರಿದಾದೊಡನೆ, ಅದುವರೆಗೆ ಬದುಗಳ ಬಿಲಗಳಲ್ಲಿ ಸುಖವಾಗಿದ್ದ ಮೂಷಕ ಸಂತತಿಯು ಅನ್ನಾಶ್ರಯಗಳನ್ನು ಅರಸುತ್ತ ಊರ ಕಡೆಗೆ ಮುಖಮಾಡುವುದು ಸ್ವಾಭಾವಿಕ. ಆಗ ಅದಕ್ಕೆ, ಪ್ರವಾಸಕ್ಕೆಂದು ಕೊಂಡು ವರ್ಷದ ಬಹುಭಾಗ ಹುಲ್ಲಿನ ಬಣವೆಯ ಪಕ್ಕದಲ್ಲಿ ನಿಲ್ಲಿಸಿದ ಟೆಂಪೋ ಟ್ರಾವೆಲರಾಗಲಿ ಜೀಪಾಗಲಿ ದೊರೆತರೆ, ಅದಕ್ಕಿಂತ ಪ್ರಶಸ್ತವಾದ ನಿವಾಸವು ಬೇರೊಂದಿಲ್ಲ. ಮಸ್ಕಿ, ಲಿಂಗಸುಗೂರುಗಳ ಕಡೆ ತೊಗರಿ ಜೋಳಗಳ ಚೀಲವನ್ನು ಗಾಡಿಯಲ್ಲೇ ಮರೆಯುವವರಂತೂ ಆಮಂತ್ರಣವನ್ನೇ ಕಳುಹಿಸಿದಂತೆ.

ಇಲಿಯ ಬಾಚಿಹಲ್ಲುಗಳು ಆಜೀವಪರ್ಯಂತ ಬೆಳೆಯುವುವಾದ್ದರಿಂದ ಅದು ಹಸಿವಿಲ್ಲದಾಗಲೂ ಕಡಿಯುತ್ತದೆ. ಆದಕಾರಣ, ಬಹುದಿನ ನಿಂತ ಗಾಡಿಯನ್ನು ಚಾಲೂ ಮಾಡುವ ಮುನ್ನ ಬಾನೆಟ್ ಎತ್ತಿ, ಏರ್ ಫಿಲ್ಟರಿನ ಪೆಟ್ಟಿಗೆಯಲ್ಲಿ ಗೂಡಿದೆಯೇ, ತಂತಿಗಳ ಹೊದಿಕೆ ಹರಿದಿದೆಯೇ ಎಂದು ನೋಡತಕ್ಕದ್ದು. ಹರಿದಿದ್ದರೆ ಕೀಲಿ ತಿರುಗಿಸದೆ, ಬ್ಯಾಟರಿಯ ಸಂಪರ್ಕವನ್ನು ತಪ್ಪಿಸಿ, ಬಲ್ಲ ಎಲೆಕ್ಟ್ರಿಷಿಯನ್ನನನ್ನು ಕರೆಯಿಸತಕ್ಕದ್ದು, ಏಕೆಂದರೆ ನಗ್ನ ತಂತಿಗಳ ಸ್ಪರ್ಶದಿಂದ ಅಗ್ನಿಯೇ ಉದ್ಭವಿಸಬಹುದು. ಹಿಕ್ಕೆಗಳನ್ನು ಒಣಗಿದಂತೆಯೇ ಗುಡಿಸಬಾರದು. ಬ್ಲೀಚಿಂಗ್ ಪುಡಿಯ ನೀರಿನಿಂದ ನೆನೆಯಿಸಿ, ಕೈಗವಸು ತೊಟ್ಟು ತೆಗೆಯಬೇಕು. ಇಲಿಜ್ವರವು ಇಲಿಯ ಮೂತ್ರದಿಂದ, ಕೈಕಾಲಿನ ಗಾಯಗಳ ಮೂಲಕವೂ ದೇಹವನ್ನು ಪ್ರವೇಶಿಸಬಹುದು.

ಬೆರಳು ತೂರುವಷ್ಟು ರಂಧ್ರವೂ ಚಿಟ್ಟಿಲಿಗೆ ಹೆಬ್ಬಾಗಿಲೇ. ಅವುಗಳಿಗೆಲ್ಲ ಉಕ್ಕಿನ ಸಣ್ಣ ಜಾಲರಿ ಹಾಕಿಸಿರಿ. ಗಾಡಿಯೊಳಗೆ ಪಾಷಾಣವನ್ನು ಮಾತ್ರ ಇಡಬೇಡಿರಿ: ತಿಂದ ಇಲಿ ಎಲ್ಲೋ ಆಸನದಡಿಯಲ್ಲಿ ಸತ್ತು ನಾರುವುದಲ್ಲದೆ, ಅದನ್ನು ತಿಂದ ಬೆಕ್ಕು ಗೂಬೆಗಳೂ ಸಾಯಬಹುದು. ಬೋನು ಸಾಕು. ಸುಗ್ಗಿ ಮುಗಿದ ವಾರವೇ ಗಾಡಿಯನ್ನು ಬಣವೆಯಿಂದ ದೂರ ಸರಿಸಿ ನಿಲ್ಲಿಸಿರಿ.